ಬೇರೇನೂ ಬದಲಾಗುವುದಿಲ್ಲ

ನಮ್ಮೂರಿನಲ್ಲಿ ಪತ್ರ ಕೈಗೆ ಬಂದರೆ ಯಾರೂ ತಕ್ಷಣ ಓದುವುದಿಲ್ಲ. ಮೊದಲು ಹೆಬ್ಬೆರಳನ್ನು ಸಾಲುಗಳ ಮೇಲೆ ಅಡ್ಡಕ್ಕೆ ಎಳೆಯುತ್ತಾರೆ. ಬೆರಳಿಗೆ ಶಾಯಿ ಅಂಟದಿದ್ದರೆ ಕನ್ನಡಕ ಹುಡುಕುತ್ತಾರೆ. ಅಂಟಿದರೆ ಬೆರಳನ್ನು ಅದೇ ಕಾಗದಕ್ಕೆ ಒರೆಸಿ, ತಂದವರ ಕೈಗೇ ವಾಪಸು ಕೊಡುತ್ತಾರೆ. ಬರೆದವರ ಮನಸ್ಸು ಒಪ್ಪದ ಮಾತು ನಮ್ಮಲ್ಲಿ ಒಣಗುವುದಿಲ್ಲ; ವರ್ಷವಿಡೀ ಬಿಸಿಲಿಗಿಟ್ಟರೂ ಒಣಗುವುದಿಲ್ಲ. ಹಾಗಾಗಿ ಮದುವೆ ಕಾಗದದಲ್ಲಿ ‘ಕುಟುಂಬ ಸಮೇತ ಬನ್ನಿ’ ಎಂಬ ಸಾಲನ್ನು ನಾವು ಎಲ್ಲರಿಗೂ ಬರೆಯುವುದಿಲ್ಲ. ಡಾಕ್ಟರ ಶಾಪಿನಲ್ಲಿ ಒಂದು ತಂತಿ ಕಟ್ಟಿದೆ. ಬರೆದ ಚೀಟಿಗಳನ್ನು ಕ್ಲಿಪ್ಪು ಹಾಕಿ ಅದಕ್ಕೆ ನೇತು ಹಾಕುತ್ತಾರೆ. ಯಾರ ಚೀಟಿ ಎಷ್ಟು ಹೊತ್ತು ನೇತಾಡುತ್ತದೆಂದು ರೋಗಿಯ ಮನೆಯವರು ಬೆಂಚಿನ ಮೇಲೆ ಕೂತು ನೋಡುತ್ತಿರುತ್ತಾರೆ. ಅಚ್ಚಾದ ಕಾಗದ ಒದ್ದೆಯಾಗಿರುವುದಿಲ್ಲ ನಿಜ. ಆದರೆ ಅದನ್ನು ನಮ್ಮವರು ಕಪಾಟಿಗೆ ಹಾಸುತ್ತಾರೆ, ಓದುವುದಿಲ್ಲ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಒಣಗಿದ ಪತ್ರ ಆಮೇಲೆ ಸುಳ್ಳಾಯಿತೆಂದರೆ, ಅದನ್ನು ಪಡೆದವರು ತಂದು ಬರೆದವರ ಬಾಗಿಲಿಗೆ ಮೊಳೆ ಹೊಡೆದು ಹೋಗುತ್ತಾರೆ. ಅವರೇ ಬಂದು ಕೀಳುವ ತನಕ ಮನೆಯವರು ಅದನ್ನು ಮುಟ್ಟುವಂತಿಲ್ಲ. ಹಬ್ಬಕ್ಕೆ ತೋರಣ ಕಟ್ಟುವಾಗಲೂ ಅದರ ಪಕ್ಕದಲ್ಲೇ ಕಟ್ಟಬೇಕು. ನಮ್ಮಮ್ಮ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಎದ್ದು ನಿಂತು, ಬಾಗಿಲಿನ ಮೇಲೆ ಅಂಗೈಯಾಡಿಸಿ, “ಒಂದು ತೂತಿಲ್ಲ” ಎಂದು ತನಗೇ ಹೇಳಿಕೊಳ್ಳುತ್ತಾಳೆ.

ನನ್ನ ಅಕ್ಷರ ಮೊದಲಿನಿಂದಲೂ ನಿಧಾನವಾಗಿ ಒಣಗುವಂಥದ್ದು. ಮೂವತ್ತು ತುಂಬಿದ ಮೇಲೆ ಸಂಜೆ ಶಾಲೆಗೆ ಸೇರಿದವಳು ನಾನು. ಹಗಲೆಲ್ಲ ಮರಿಸ್ವಾಮಪ್ಪ ಟ್ರಂಕು ಕಾರ್ಖಾನೆಯಲ್ಲಿ ಟ್ರಂಕುಗಳಿಗೆ ಬಣ್ಣ ಹಚ್ಚಿ, ಉಗುರಿನ ಸಂದಿಯಲ್ಲಿ ಹಸಿರು ಇಟ್ಟುಕೊಂಡೇ ಬೆಂಚಿನ ಮೇಲೆ ಕೂರುತ್ತಿದ್ದೆ. ‘ಭೂಮಿ ಗುಂಡಗಿದೆ’ ಎಂದು ಬರೆದು ಅದು ಒಣಗಲಿ ಎಂದು ಕಾಲು ಗಂಟೆ ಕಾಯುತ್ತಿದ್ದೆ. ಉಳಿದವರು ಉತ್ತರ ಪತ್ರಿಕೆ ಕೊಟ್ಟು ಮನೆ ಸೇರಿದರೂ ನಾನು ಕಾಗದಕ್ಕೆ ಗಾಳಿ ಹಾಕುತ್ತಾ ನಿಂತಿರುತ್ತಿದ್ದೆ. “ನಿನಗೆ ಗೊತ್ತಿಲ್ಲ ಅಂತಲ್ಲಮ್ಮ, ಗೊತ್ತಿದೆ ಅನ್ನೋದು ನಿನಗೆ ಗೊತ್ತಿಲ್ಲ” ಎಂದು ಲಕ್ಷ್ಮೀಪತಿ ಮೇಷ್ಟ್ರು ಬೀಗದ ಕೈ ಆಡಿಸುತ್ತಾ ಹೇಳುತ್ತಿದ್ದರು. ಅಂತೂ ಪಾಸಾದೆ. ಕಾರ್ಖಾನೆಯವರು ನನ್ನನ್ನು ಬಣ್ಣದ ಮನೆಯಿಂದ ಆಫೀಸಿಗೆ ಕರೆದು ಪತ್ರ ಬರೆಯುವ ಕುರ್ಚಿಯಲ್ಲಿ ಕೂರಿಸಿದರು. ಹನ್ನೊಂದು ವರ್ಷ ಅಲ್ಲಿ ಕೂತೆ. ‘ನಿಮ್ಮ ಟ್ರಂಕು ಗುರುವಾರ ತಯಾರಾಗುತ್ತದೆ’ ಎಂದು ಬರೆಯುವ ಮೊದಲು ದುರಸ್ತಿ ಷೆಡ್ಡಿಗೆ ಹೋಗಿ, “ಗುರುವಾರ ಖಂಡಿತಾನಾ ಮಾಮ?” ಎಂದು ಮೂರು ಸಲ ಕೇಳುತ್ತಿದ್ದೆ. ಷೆಡ್ಡಿನ ಹಿರಿಯರಾದ ದಸ್ತಗೀರ್ ಮಾಮ ಬೆಸುಗೆ ಕಡ್ಡಿಯಿಂದ ಕಣ್ಣೆತ್ತದೆ, “ನಾಲ್ಕನೇ ಸಲ ಕೇಳಿದ್ರೆ ಶುಕ್ರವಾರ ಆಗುತ್ತೆ ನೋಡು” ಎನ್ನುತ್ತಿದ್ದರು.

ನಮ್ಮ ಟ್ರಂಕಿನ ವಿಶೇಷ ತಗಡಲ್ಲ, ಬಣ್ಣವೂ ಅಲ್ಲ. ಮುಚ್ಚಳದ ಒಳಗೆ ಅಂಟಿಸಿದ ಚೀಟಿ. ಕಾರ್ಖಾನೆ ಕಟ್ಟಿದ ಮರಿಸ್ವಾಮಪ್ಪನವರು ಒಂದೊಂದು ಟ್ರಂಕಿಗೂ ತಮ್ಮ ಕೈಯಾರೆ ಬರೆಯುತ್ತಿದ್ದರು: ‘ಈ ಪೆಟ್ಟಿಗೆ ಇರುವ ತನಕ ಇದರ ದುರಸ್ತಿ ನಮ್ಮದು.’ ಅವರ ನಂತರ ಮಗ ಬರೆದರು. ಮೊಮ್ಮಗ ನಂದೀಶ್ ಯಜಮಾನರಾದ ಮೇಲೆ ಆ ಕೆಲಸ ನನಗೆ ಬಂತು. ಕಿಟಕಿಯಾಚೆ ದಸ್ತಗೀರ್ ಮಾಮನ ಸುತ್ತಿಗೆಯ ಸದ್ದು ಕೇಳುತ್ತಿರುವಾಗ ಆ ಒಂದು ಸಾಲು ಮಾತ್ರ ನನ್ನ ಕೈಯಲ್ಲೂ ಬೇಗ ಒಣಗುತ್ತಿತ್ತು. ನಂದೀಶ್ ಅದನ್ನು ಯಾಕೆ ತಾವೇ ಬರೆಯುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಬುಧವಾರ ಅವರು ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಮೇಜಿನ ಮೇಲೆ ಹೊಸ ಹೆಸರಿನ ಬಣ್ಣದ ಚಿತ್ರವಿತ್ತು: ನೆಸ್ಟಾರಾ.

“ಹೇಗಿದೆ ಜಯಶೀಲಾ ಅವರೇ?”

“ಚೆನ್ನಾಗಿದೆ ಸರ್. ಅಂದರೆ... ಏನರ್ಥ ಸರ್?”

“ಅರ್ಥ ಇಲ್ಲ, ಅದೇ ಅದರ ಬಲ. ಮರಿಸ್ವಾಮಪ್ಪ ಟ್ರಂಕು ಅಂದರೆ ಜನಕ್ಕೆ ಅಟ್ಟ ನೆನಪಾಗುತ್ತೆ. ನೆಸ್ಟಾರಾ ಅಂದರೆ ಏನೂ ನೆನಪಾಗಲ್ಲ.” ಅವರು ಎದ್ದು ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಹತ್ತಿರ ಹೋದರು. ಮೊದಲು ಕೆಲಸದವರಿಗೆ ಪತ್ರ. ಹೊರಗಿನವರ ಬಾಯಿಂದ ಅವರಿಗೆ ತಿಳಿಯಬಾರದು. ವಾರದ ಮೇಲೆ ಗಿರಾಕಿಗಳಿಗೆ ಪತ್ರ, ನಾನೂರ ಹನ್ನೆರಡು ಮನೆ. ಆಮೇಲೆ ಸೋಮವಾರ ಬೆಳಿಗ್ಗೆ ಹೊಸ ಬೋರ್ಡು. ಎಲ್ಲಾ ತಾರೀಖುಗಳಿಗೂ ಕೆಂಪು ಸುತ್ತು ಹಾಕಿದ್ದರು. ಇಷ್ಟು ಚೆನ್ನಾಗಿ ಯೋಚಿಸಿದ್ದಾರಲ್ಲ ಎಂದು ನನಗೆ ಸಮಾಧಾನವೇ ಆಯಿತು.

“ಹೆಸರು ಬಿಟ್ಟು ಬೇರೇನೂ ಬದಲಾಗಲ್ಲ. ಅದೇ ಜನ, ಅದೇ ಕೆಲಸ, ಅದೇ ಮಾತು. ಅಷ್ಟನ್ನೇ ಬರೀರಿ, ಸರಳವಾಗಿ. ನೀವೇ ಬರೀಬೇಕು.”

“ನಾನೇ ಯಾಕೆ ಸರ್? ಇದು ದೊಡ್ಡ ವಿಷಯ. ತಾವೇ ಬರೆದರೆ...”

“ನನಗೆ ಕೈ ನೋವು” ಎಂದರು. ಅವರ ಹೆಬ್ಬೆರಳು ನೀಲಿಯಾಗಿತ್ತು. ಪೆನ್ನು ಸೋರಿರಬೇಕು ಎಂದುಕೊಂಡೆ. ಕಸದ ಬುಟ್ಟಿಯಲ್ಲಿ ಉಂಡೆ ಮಾಡಿ ಎಸೆದ ಕಾಗದಗಳು ತುಂಬಿದ್ದವು. ಅವನ್ನೂ ನೋಡಿದೆ. ನೋಡಿಯೂ, ಇಷ್ಟು ದೊಡ್ಡ ಕೆಲಸಕ್ಕೆ ನನ್ನನ್ನು ಆರಿಸಿದರಲ್ಲ ಎಂಬ ಹೆಮ್ಮೆಯಲ್ಲಿ ಹೊರಗೆ ಬಂದೆ.

ಕೆಲಸದವರ ಪತ್ರವನ್ನು ಅಂದೇ ಬರೆದೆ. ‘ನಮ್ಮ ಕಾರ್ಖಾನೆಯ ಹೆಸರು ಬದಲಾಗುತ್ತಿದೆ. ಬೇರೇನೂ ಬದಲಾಗುವುದಿಲ್ಲ.’ ಎರಡನೇ ಸಾಲಿನ ಕೊನೆಯ ಅಕ್ಷರ ಮುಗಿಸಿ ಊದಲು ಬಾಯಿ ತೆರೆಯುವಷ್ಟರಲ್ಲಿ ಅದು ಒಣಗಿತ್ತು. ನನ್ನ ಕೈಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಮೇಷ್ಟ್ರಿಗೆ ತೋರಿಸಬೇಕೆನ್ನಿಸಿತು.

ಮಾರನೆಯ ದಿನ ಇಪ್ಪತ್ತೆಂಟು ಜನರನ್ನೂ ಅಂಗಳದಲ್ಲಿ ಸೇರಿಸಿ ಪತ್ರ ಓದಿದೆ. ಆಮೇಲೆ ಅದು ಕೈಯಿಂದ ಕೈಗೆ ಹೋಯಿತು, ಎಲ್ಲರೂ ಬೆರಳು ಎಳೆದರು. ತಗಡು ಕತ್ತರಿಸುವ ಗುರುಬಸವ, “ನೆಸ್ಟಾರಾ ಅಂದ್ರೇನು, ಕೆಮ್ಮಿನ ಔಷಧಿನಾ?” ಎಂದ. “ದಿನಕ್ಕೆ ಮೂರು ಚಮಚ, ಊಟ ಆದ್ಮೇಲೆ” ಎಂದು ಇನ್ನೊಬ್ಬರು ಸೇರಿಸಿದರು. ನಗು ನಿಂತ ಮೇಲೆ ದಸ್ತಗೀರ್ ಮಾಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಪಕ್ಕದೂರಿನ ಬಕೆಟ್ ಕಾರ್ಖಾನೆಯವರು ಕರೀತಾ ಇದ್ರಮ್ಮ. ನಾಳೆಯೊಳಗೆ ಹೇಳಿ ಅಂದಿದ್ರು. ಈ ಹೆಸರಿನ ಗಲಾಟೆ ಕೇಳಿ ಹೋಗೋಣ ಅಂತಿದ್ದೆ. ನಿನ್ನ ಕೈಲಿ ಇಷ್ಟು ಗರಿಗರಿಯಾಗಿ ಒಣಗಿದೆ ಅಂದ್ರೆ ಇನ್ನೇನು ಯೋಚನೆ? ಬರಲ್ಲ ಅಂತ ಹೇಳಿ ಕಳಿಸ್ತೀನಿ.”

ಹೇಳಿ ಕಳಿಸಿಯೂಬಿಟ್ಟರು.

ಗಿರಾಕಿಗಳ ಪತ್ರ ಶುರು ಮಾಡಿದೆ. ದಿನಕ್ಕೆ ಮೂವತ್ತು, ನಲವತ್ತು. ನೂರ ಮೂವತ್ತು ಮುಗಿದಿದ್ದವು. ಎಲ್ಲವೂ ಚುರುಕಾಗಿ ಒಣಗಿ, ನನ್ನ ಬೀರುವಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಆ ಹೊತ್ತಿಗೆ ಹೊಂಬಾಳಮ್ಮ ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಅವರ ಟ್ರಂಕಿನಲ್ಲಿ ಬಟ್ಟೆಯಿರುವುದಿಲ್ಲ, ಸಾರಿನ ಪುಡಿಯ ಡಬ್ಬಿಗಳಿರುತ್ತವೆ. ಮುಚ್ಚಳ ತೆಗೆದರೆ ಇಡೀ ಆಫೀಸು ಸೀನುತ್ತದೆ.

“ಚಿಲಕ ಕೂರ್ತಿಲ್ಲ ಕಣೇ ಜಯಾ. ನಿಮ್ಮ ದಸ್ತಗೀರನ ಕೈಗೆ ಕೊಡು. ಬೇರೆಯವರು ಮುಟ್ಟಿದ್ರೆ ಚೆನ್ನಾಗಿರಲ್ಲ.”

ಟ್ರಂಕು ಎತ್ತಿಕೊಂಡು ಷೆಡ್ಡಿಗೆ ಹೋದೆ. ಊಟದ ಸಮಯ, ಯಾರೂ ಇರಲಿಲ್ಲ. ಹೆಸರು ಬದಲಿಸಲು ಹೊರಗಿನಿಂದ ಕರೆಸಿದ್ದ ಸಲಹೆಗಾರ ಒಬ್ಬನೇ ಟೇಪು ಹಿಡಿದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ದಸ್ತಗೀರ್ ಮಾಮ ತಗಡು ಬಡಿಯುವ ಅಡೆಗಲ್ಲಿನ ನಡುಮಧ್ಯೆ ಹಾದುಹೋಗಿತ್ತು.

“ಇಲ್ಲಿಂದ ಅಲ್ಲೀತನಕ ಗಾಜು” ಎಂದ ಸಂತೋಷದಿಂದ. “ಪ್ಲಾಸ್ಟಿಕ್ ಬಾಕ್ಸುಗಳ ಷೋರೂಮು. ಮುಂದಿನ ತಿಂಗಳು ನೋಡಿ, ಗುರುತೇ ಸಿಗಲ್ಲ.”

“ದುರಸ್ತಿಯವರು ಎಲ್ಲಿ ಕೂರ್ತಾರೆ?”

“ದುರಸ್ತಿ ಎಲ್ಲಿದೆ ಮೇಡಂ? ನೆಸ್ಟಾರಾದಲ್ಲಿ ಆ ವಿಭಾಗವೇ ಇಲ್ಲ. ಆ ಹತ್ತು ಜನರನ್ನ ಕೆಲಸದಿಂದ ತೆಗೆಯೋ ಪತ್ರಾನೂ ನೀವೇ ಬರೀತೀರಿ ಅಂತ ಹೇಳಿದ್ರಲ್ಲ?” ಅವನು ನಮ್ಮೂರಿನವನಲ್ಲ. ಯಾವುದನ್ನು ಯಾರಿಗೆ ಹೇಳಬಾರದೆಂದು ಅವನಿಗೆ ತಿಳಿದಿರಲಿಲ್ಲ.

ಟ್ರಂಕನ್ನು ಹೊಂಬಾಳಮ್ಮನಿಗೇ ಹಿಂದಿರುಗಿಸಿ, ಆಮೇಲೆ ತನ್ನಿ ಎಂದು ಹೇಳಿ ಕುರ್ಚಿಗೆ ವಾಪಸು ಬಂದೆ. ನೂರ ಮೂವತ್ತೊಂದನೆಯ ಪತ್ರ ಅರ್ಧಕ್ಕೆ ನಿಂತಿತ್ತು. ‘ಬೇರೇನೂ ಬದಲಾಗುವುದಿಲ್ಲ’ ಎಂದು ಬರೆದೆ. ಕಾದೆ. ಊದಿದೆ. ಕಿಟಕಿ ತೆರೆದೆ. ಶಾಯಿ ಕೆರೆಯ ನೀರಿನಂತೆ ಹೊಳೆಯುತ್ತಾ ಕೂತಿತ್ತು.

ನಾನು ಎಂಥವಳೆಂದರೆ, ಆಗಲೂ ತಪ್ಪು ನನ್ನದೇ ಇರಬೇಕು ಎಂದುಕೊಂಡೆ. ಶಾಯಿ ಹಳೆಯದಿರಬೇಕು, ಸೀಸೆ ಬದಲಿಸಿದೆ. ಭಾಷೆ ಒರಟಾಯಿತೇನೋ, ಸಂಜೆ ಶಾಲೆಯ ಕನ್ನಡ ತಾನೆ ಎಂದು ‘ತಮ್ಮ ಸೇವೆಯಲ್ಲಿ ಯಾವುದೇ ಕೊರತೆಯಾಗದು’ ಎಂದು ಬರೆದೆ. ಒದ್ದೆ. ‘ತಮ್ಮ ಅನುಕೂಲಕ್ಕಾಗಿ ಕೆಲವು ಸುಧಾರಣೆಗಳು.’ ಒದ್ದೆ. ‘ನಮ್ಮ ಬಾಂಧವ್ಯ ಹೀಗೆಯೇ ಮುಂದುವರಿಯಲಿ.’ ಅದು ಹಾರೈಕೆ, ಒಣಗಬೇಕಿತ್ತು. ಅದೂ ಒಣಗಲಿಲ್ಲ. ಏಳು ಕಾಗದ ಹಾಳು ಮಾಡಿ ಕೈ ನೋಡಿಕೊಂಡೆ. ನನ್ನ ಹೆಬ್ಬೆರಳು ನಂದೀಶರ ಹೆಬ್ಬೆರಳಿನಷ್ಟೇ ನೀಲಿಯಾಗಿತ್ತು. ಆಗ ಅವರ ಕಸದ ಬುಟ್ಟಿ ನೆನಪಾಯಿತು.

ಎದ್ದು ಅವರ ಕೋಣೆಗೆ ಹೋದೆ. ಒದ್ದೆ ಕಾಗದವನ್ನು ಮೇಜಿನ ಮೇಲಿಟ್ಟೆ.

“ಷೆಡ್ಡು ನೋಡಿದೆ ಸರ್.”

ಅವರು ಕಾಗದವನ್ನು ಬೆರಳ ತುದಿಯಿಂದ ಬದಿಗೆ ಸರಿಸಿದರು. ಕೋಪ ಮಾಡಿಕೊಳ್ಳಲಿಲ್ಲ. “ಟ್ರಂಕು ಯಾರು ಕೊಳ್ತಾರೆ ಹೇಳಿ? ಹೋದ ವರ್ಷ ಮಾಡಿದ್ದರಲ್ಲಿ ಅರ್ಧ ಗೋದಾಮಿನಲ್ಲೇ ಇದೆ. ಹಳೇ ಟ್ರಂಕಿನ ಚಿಲಕ ಕೂರಿಸೋಕೆ ಹತ್ತು ಜನ ಬೇಕಾ? ಮಾತು ಕೊಟ್ಟದ್ದು ಮರಿಸ್ವಾಮಪ್ಪ ಕಾರ್ಖಾನೆ. ನೆಸ್ಟಾರಾ ಯಾರಿಗೂ ಮಾತು ಕೊಟ್ಟಿಲ್ಲ.”

“ಹಾಗಂತಲೇ ಬರೆಯೋಣ ಸರ್.”

“ಬರೆದರೆ ಜನ ಬಾಗಿಲಿಗೆ ಬರ್ತಾರೆ. ನಿಮ್ಮನ್ನ ಯಾಕೆ ಆರಿಸಿದೆ ಅಂದ್ಕೊಂಡ್ರಿ? ಗುಮಾಸ್ತರು ಆರು ಜನ ಇದ್ದಾರೆ. ಅವರಿಗೆ ಹೇಳಿದರೆ ಅನುಮಾನ ಪಡ್ತಾರೆ. ನೀವು ನಿಮ್ಮ ಮೇಲೆ ಮಾತ್ರ ಅನುಮಾನ ಪಡ್ತೀರಿ, ಬೇರೆಯವರು ಹೇಳಿದ್ದನ್ನ ನಂಬ್ತೀರಿ.”

ಅವರು ಅವಮಾನ ಮಾಡಲೆಂದು ಹೇಳಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

“ದಸ್ತಗೀರ್ ಮಾಮ ಬೇರೆ ಕೆಲಸ ಬಿಟ್ಟರು ಸರ್. ನನ್ನ ಪತ್ರ ನೋಡಿ.”

“ಜಯಶೀಲಾ ಅವರೇ, ಮೂರು ದಿನ ರಜ ತಗೊಳ್ಳಿ. ತಲೆ ತಣ್ಣಗೆ ಮಾಡಿಕೊಂಡು ಬನ್ನಿ. ಒಣಗಿದ ನೂರ ಮೂವತ್ತು ಇವೆಯಲ್ಲ, ಸದ್ಯಕ್ಕೆ ದೊಡ್ಡ ಮನೆಗಳಿಗೆ ಅಷ್ಟು ಹಂಚಿಸೋಣ. ಸಂಜೆ ಶಾಲೇಲಿ ನಾಲ್ಕಕ್ಷರ ಕಲಿತವರನ್ನ ಈ ಕುರ್ಚಿ ಮೇಲೆ ಕೂರಿಸಿದ್ದು ಈ ಕಾರ್ಖಾನೆ. ನೆನಪಿರಲಿ.”

“ನೆನಪಿದೆ ಸರ್” ಎಂದೆ.

ಬೀರುವಿನ ಕೀಲಿ ನನ್ನ ಹತ್ತಿರವಿತ್ತು. ನೂರ ಮೂವತ್ತು ಪತ್ರಗಳನ್ನೂ ಗಿರಾಕಿಗಳ ಪಟ್ಟಿಯನ್ನೂ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಹೊರಟೆ. ಹನ್ನೊಂದು ವರ್ಷದಲ್ಲಿ ಕಾರ್ಖಾನೆಯ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವಳಲ್ಲ. ಗೇಟಿನವನು “ಏನಕ್ಕಾ ಅದು?” ಎಂದ. “ನನ್ನ ತಪ್ಪುಗಳು” ಎಂದೆ. ಅವನು ನಕ್ಕು ಬಿಟ್ಟ.

ಮನೆಗೆ ಹೋಗಲಿಲ್ಲ, ನೇರ ದಸ್ತಗೀರ್ ಮಾಮನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರ ಕೈ ಬೆಸುಗೆ ಸುಟ್ಟ ಕಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು. ಬಕೆಟ್ ಕಾರ್ಖಾನೆಯವರು ಬೇರೆಯವರನ್ನು ತೆಗೆದುಕೊಂಡಾಗಿತ್ತು.

“ಅಂಗಳದಲ್ಲಿ ಓದಿದ ಪತ್ರ ನಿಮ್ಮ ಹತ್ರಾನೇ ಇದೆಯಲ್ಲ, ಕೊಡಿ ಮಾಮ” ಎಂದೆ.

“ಯಾಕೆ?”

“ನೀವು ನನ್ನ ಬಾಗಿಲಿಗೆ ಹೊಡೆಯಲ್ಲ ಅಂತ ಗೊತ್ತು. ನಾನೇ ಹೊಡ್ಕೋತೀನಿ.”

ಅಂಗಳದಿಂದ ಸುತ್ತಿಗೆ ತಂದುಕೊಟ್ಟರು. ನಮ್ಮ ಬಾಗಿಲಿಗೆ ನನ್ನದೇ ಪತ್ರಕ್ಕೆ ನಾನೇ ಮೊಳೆ ಹೊಡೆದೆ. ಮೊದಲನೆಯ ಮೊಳೆ ಸೊಟ್ಟಗಾಯಿತು. ಅಮ್ಮ ಒಳಗಿನಿಂದ ಬಂದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. “ಮೊಳೆ ನೆಟ್ಟಗೆ ಹೊಡಿ. ನಾಲ್ಕು ಜನ ನೋಡೋದು” ಎಂದಳು.

ಆಮೇಲೆ ಪಡಸಾಲೆಯಲ್ಲಿ ಮಣೆ ಹಾಕಿ ಕೂತೆ. ಮೊದಲಿಗೆ ಆ ನೂರ ಮೂವತ್ತು ಪತ್ರಗಳನ್ನು ಮಗುಚಿ ಹಿಂಬದಿಗೆ ಬರೆದೆ. ಆ ಕಡೆ ನಂಬಿ ಬರೆದದ್ದು, ಈ ಕಡೆ ತಿಳಿದು ಬರೆದದ್ದು. ಎರಡನ್ನೂ ಜನ ನೋಡಲಿ ಎನ್ನಿಸಿತು. ಆಮೇಲೆ ಹೊಸ ಕಾಗದ. ‘ನಮ್ಮ ಕಾರ್ಖಾನೆಯ ಹೆಸರು ಬದಲಾಗುತ್ತಿದೆ. ಹೆಸರಿನ ಜೊತೆ ದುರಸ್ತಿ ಷೆಡ್ಡನ್ನೂ ಅಲ್ಲಿನ ಹತ್ತು ಜನರನ್ನೂ ತೆಗೆಯಲಿದ್ದಾರೆ. ನಿಮ್ಮ ಟ್ರಂಕಿನ ಮುಚ್ಚಳದಲ್ಲಿರುವ ಚೀಟಿಯ ಮೇಲೆ ಬೆರಳು ಎಳೆದು ನೋಡಿ. ಒಣಗಿದ್ದರೆ ಸೋಮವಾರ ಬೆಳಿಗ್ಗೆ ಟ್ರಂಕು ತನ್ನಿ. ಜಯಶೀಲಾ, ಪತ್ರ ವಿಭಾಗ.’ ನಿಬ್ಬು ಮುಂದಿನ ಅಕ್ಷರಕ್ಕೆ ಹೋಗುವ ಮೊದಲೇ ಹಿಂದಿನದು ಒಣಗುತ್ತಿತ್ತು. ಮೂರು ದಿನ ಬರೆದೆ. ನಾನು ಬರೆಯುತ್ತಿರುವುದು ಸರಿಯೇ ಎಂಬ ಪ್ರಶ್ನೆ ನೂರು ಸಲ ಬಂತು. ಪ್ರಶ್ನೆ ಬಂದಾಗಲೆಲ್ಲ ಬೆರಳಿಟ್ಟು ನೋಡುತ್ತಿದ್ದೆ, ಬೆರಳು ಬಿಳಿಯಾಗಿಯೇ ಇರುತ್ತಿತ್ತು. ಷೆಡ್ಡಿನ ಹತ್ತು ಜನರೂ ಬೀದಿ ಹಂಚಿಕೊಂಡು ಮನೆಮನೆಗೆ ಕೊಟ್ಟು ಬಂದರು.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಮುಂದೆ ಬಟ್ಟೆ ಮುಚ್ಚಿದ ಬೋರ್ಡು, ಮೈಕು, ಲಾಡಿನ ತಟ್ಟೆ ಎಲ್ಲ ಸಿದ್ಧವಾಗಿದ್ದವು. ಷೆಡ್ಡಿಗೆ ಆಗಲೇ ಬೀಗ ಬಿದ್ದಿತ್ತು. ಒಂಬತ್ತು ಗಂಟೆಗೆ ಮೊದಲ ಟ್ರಂಕು ಬಂತು. ಒಂಬತ್ತೂವರೆಗೆ ರಸ್ತೆ ಕಾಣಲಿಲ್ಲ. ತಲೆಯ ಮೇಲೆ, ಸೈಕಲ್ಲಿನ ಮೇಲೆ, ಕೈಗಾಡಿಯ ಮೇಲೆ ಹಸಿರು, ಕಪ್ಪು, ಕೆಂಗಂದು ಟ್ರಂಕುಗಳು. ಮದುವೆಯ ಟ್ರಂಕು, ಹಾಸ್ಟೆಲ್ಲಿನ ಟ್ರಂಕು, ಕೋಳಿ ಕಾವು ಕೂತಿದ್ದ ಒಂದು ಟ್ರಂಕು, ಕೋಳಿಯ ಸಮೇತ. ಎಲ್ಲರೂ ಮುಚ್ಚಳ ತೆರೆದು ಚೀಟಿ ಕಾಣುವಂತೆ ಸಾಲಾಗಿ ಇಟ್ಟರು. ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ದಸ್ತಗೀರ್ ಮಾಮ ನನ್ನ ಪಕ್ಕ ನಿಂತು, “ಗುರುವಾರ ಖಂಡಿತಾನಾ?” ಎಂದರು. ನಗು ಬಂತು, ನಿಂತೆ.

ನಂದೀಶ್ ಹೊರಗೆ ಬಂದು ಮೈಕು ಹಿಡಿದರು. “ನೋಡಿ, ಇದು ತಾತನ ಕಾಲದ ಮಾತು. ತಾತನೂ ಇಲ್ಲ, ಆ ಹೆಸರೂ ಇಲ್ಲ. ನನಗೂ ಆ ಚೀಟಿಗೂ ಸಂಬಂಧ ಇಲ್ಲ.”

ಹೊಂಬಾಳಮ್ಮ ಟ್ರಂಕಿನ ಮೇಲಿಂದ ಎದ್ದರು. “ಆಯ್ತು ಕಣಪ್ಪ. ನಿಂಗೆ ಶಾಲೇಲಿ ಅನ್ನ ಬಡಿಸಿದೋಳು ನಾನು, ಜಗಳಕ್ಕೆ ಬಂದಿಲ್ಲ. ಈಗ ಹೇಳಿದ್ಯಲ್ಲ, ಅದನ್ನೇ ಬರ್ಕೊಡು. ‘ತಾತನ ಮಾತು ನನ್ನದಲ್ಲ.’ ಮೂರು ಪದ, ನಿನ್ನ ಕೈಯಲ್ಲಿ. ಒಣಗಿದ್ರೆ ನಾವೆಲ್ಲ ಟ್ರಂಕು ಎತ್ಕೊಂಡು ಹೋಗ್ತೀವಿ, ನಿನ್ನ ಲಾಡೂ ತಿಂದು.”

“ಬರೀರಿ ಸಾರ್” ಎಂದು ಹಿಂದಿನಿಂದ ಯಾರೋ ಕೂಗಿದರು. “ಕೈ ನೋವಾ?” ಎಂದ ಗುರುಬಸವ.

ನಂದೀಶರ ಮುಖ ಕೆಂಪಾಯಿತು. ಕಾಗದ ತರಿಸಿದರು. ಹೊಂಬಾಳಮ್ಮನ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಇಟ್ಟು, ದಪ್ಪ ಅಕ್ಷರದಲ್ಲಿ ಬರೆದರು. ಬರೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಎತ್ತಿದ ಕೂಡಲೇ ‘ತಾತನ’ ಎಂಬುದರ ಬಾಲದಿಂದ ಒಂದು ನೀಲಿ ಹನಿ ಇಳಿದು ಅವರ ಅಂಗಿಯ ತೋಳಿನೊಳಗೆ ಹೋಯಿತು.

“ಕಾಯೋಣ” ಎಂದರು ಹೊಂಬಾಳಮ್ಮ. ಕಾದೆವು. ಬಿಸಿಲು ಏರಿತು. ನಂದೀಶ್ ಊದಿದರು, ಬೀಸಿದರು, ಕರವಸ್ತ್ರ ಒತ್ತಿದರು. ಯಾರೂ ನಗಲಿಲ್ಲ. ಟ್ರಂಕಿನೊಳಗಿದ್ದ ಕೋಳಿ ಮಾತ್ರ ಒಂದೆರಡು ಸಲ ಕೂಗಿತು. ಅಷ್ಟು ಜನರ ನಡುವೆ ಅವರು ಹತ್ತು ವರ್ಷದ ಹುಡುಗನಂತೆ ಆ ಮೂರು ಪದಗಳನ್ನು ನೋಡುತ್ತಾ ನಿಂತಿದ್ದರು. ಬೇರೇನೂ ಬದಲಾಗದೆಂದು ನನ್ನನ್ನು ನಂಬಿಸಿದ್ದರು, ಆ ಮಾತು ತಮ್ಮದಲ್ಲವೆಂದು ಸಲಹೆಗಾರನನ್ನು ನಂಬಿಸಿದ್ದರು. ತಮ್ಮನ್ನು ಮಾತ್ರ ನಂಬಿಸಿಕೊಂಡಿರಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟು ಒಳಗೆ ಹೋದರು. ಜೇಬಿನ ಮೇಲೆ ನೀಲಿ ಹರಡುತ್ತಾ ಹೋಯಿತು. ಸಲಹೆಗಾರ ಹಿಂದೆಯೇ ಓಡಿ ಮತ್ತೆ ಹೊರಗೆ ಬಂದು, “ಷೆಡ್ಡಿನ ಬೀಗ ತೆಗೀಬೇಕಂತೆ” ಎಂದ. ಮೊದಲು ಒಳಗೆ ಹೋದದ್ದು ಹೊಂಬಾಳಮ್ಮನ ಟ್ರಂಕು. ಅದರ ಚಿಲಕ ಅಷ್ಟು ದಿನದಿಂದ ಹಾಗೇ ಇತ್ತು. ದಸ್ತಗೀರ್ ಮಾಮ ಅಡೆಗಲ್ಲಿನ ಮೇಲಿನ ಸೀಮೆಸುಣ್ಣದ ಗೆರೆಯನ್ನು ಟವೆಲಿನಿಂದ ಒರೆಸಿ ಕೆಲಸಕ್ಕೆ ಕೂತರು.

ಬೋರ್ಡು ಈಗಲೂ ಇದೆ. ನೆಸ್ಟಾರಾ ಎಂದೇ ಇದೆ. ಪ್ಲಾಸ್ಟಿಕ್ ಬಾಕ್ಸುಗಳೂ ಬಂದಿವೆ, ಮುಂದಿನ ಕೋಣೆಯಲ್ಲಿ ಮಾರುತ್ತಾರೆ, ನಮ್ಮಮ್ಮನೂ ಒಂದು ಕೊಂಡಿದ್ದಾಳೆ. ಷೆಡ್ಡು ಹಿಂದೆ ಇದ್ದಲ್ಲೇ ಇದೆ. ಹೊಸ ಟ್ರಂಕುಗಳ ಚೀಟಿಯನ್ನು ಈಗ ನಂದೀಶರೇ ಬರೆಯುತ್ತಾರಂತೆ. ಒಣಗಲು ಅರ್ಧ ದಿನ ಬೇಕಂತೆ, ಆದರೆ ಒಣಗುತ್ತದಂತೆ.

ನನಗೆ ಒಂದು ಪತ್ರ ಬಂತು. ಅವರದೇ ಕೈಬರಹ: ‘ಕಾರ್ಖಾನೆಯ ಕಾಗದಪತ್ರಗಳನ್ನು ಹೊರಗೊಯ್ದದ್ದಕ್ಕಾಗಿ ನಿಮ್ಮನ್ನು ಕೆಲಸದಿಂದ ತೆಗೆಯಲಾಗಿದೆ.’ ಬೆರಳು ಎಳೆದೆ. ಗರಿಗರಿಯಾಗಿ ಒಣಗಿತ್ತು. ಒಂದು ದಿನವಿಡೀ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಮಾರನೆಯ ದಿನ ಅದನ್ನೂ ನಮ್ಮ ಬಾಗಿಲಿಗೆ, ಮೊದಲ ಪತ್ರದ ಪಕ್ಕ, ಈ ಸಲ ನೆಟ್ಟಗೆ ಮೊಳೆ ಹೊಡೆದೆ. ಅದು ಸುಳ್ಳಾದ ಪತ್ರವಲ್ಲದಿದ್ದರೂ, ನಾನು ಮಾಡಿದ್ದನ್ನು ನಾಲ್ಕು ಜನ ನೋಡಲಿ ಎನ್ನಿಸಿತು. ಈಗ ಜಗಲಿಯ ಮೇಲೆ ಕೂತು ಬೀದಿಯವರಿಗೆ ಪತ್ರ ಬರೆದುಕೊಡುತ್ತೇನೆ. ನನ್ನ ಅಕ್ಷರ ಮತ್ತೆ ನಿಧಾನವಾಗಿಯೇ ಒಣಗುತ್ತದೆ. ಬರೆಸಿದವರು ಕಾಯುತ್ತಾರೆ. ನಾನು ಗಾಳಿ ಹಾಕುವುದನ್ನು ಬಿಟ್ಟಿದ್ದೇನೆ.

ಹೋದ ವಾರ ದಸ್ತಗೀರ್ ಮಾಮ ಇಕ್ಕಳ ಹಿಡಿದು ಬಂದರು. ಕೆಲಸದವರ ಪತ್ರದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಕಾಗದವನ್ನು ಜೋಪಾನವಾಗಿ ಸುತ್ತಿಕೊಂಡರು. ಷೆಡ್ಡಿನ ಗೋಡೆಗೆ ಹಾಕುತ್ತಾರಂತೆ. ಎಷ್ಟಾದರೂ ಅದರಲ್ಲಿದ್ದದ್ದು ನಿಜವಾಯಿತಲ್ಲ ಎಂದರು. ಆಮೇಲೆ ಪಕ್ಕದ ಪತ್ರವನ್ನು ನೋಡಿ, ಅದರ ಮೇಲೂ ಹೆಬ್ಬೆರಳು ಎಳೆದು, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು.

“ಇದನ್ನೂ ಕೀಳ್ಲಾ?”

“ಬೇಡ ಮಾಮ” ಎಂದೆ. “ಅದು ಇರಲಿ. ಚೆನ್ನಾಗಿ ಒಣಗಿದೆ.”